ಭಾರತಯುದ್ಧದ ಶೇಷವಿಚಾರ

೧

ಮಹಾಭಾರತವು ಹದಿನೆಂಟು ದಿನಗಳ ಯುದ್ಧದ ಕಥೆಯೆಂದು ಲೋಕದಲ್ಲಿ ರೂಢಿಯಾಗಿದೆ. ಗ್ರಂಥದ ಕಟ್ಟಡವನ್ನು ಪರಿಶೀಲಿಸಿದರೆ ಈ ರೂಢಿಯು ಅರ್ಧಸತ್ಯವೆಂದು ತಿಳಿದುಬರುತ್ತದೆ. ೧೮ ಪರ್ವಗಳಲ್ಲಿ ರಣರಂಗದ ವರ್ಣನೆಗೆ ಮೀಸಲಾದುವು ಭೀಷ್ಮಪರ್ವದಿಂದ ಶಲ್ಯಪರ್ವದವರೆಗಿನ ನಾಲ್ಕು ಮಾತ್ರ. ದುರ್ಯೋಧನನು ತೊಡೆ ಮುರಿದು ಬೀಳುವುದು ಒಂಬತ್ತನೆಯದಾದ ಶಲ್ಯಪರ್ವದಲ್ಲಿ. ಅಲ್ಲಿಂದ ಮುಂದೆ ಇನ್ನೂ ಒಂಬತ್ತು ಪರ್ವಗಳುಂಟು. ಗೆಲುವು ಗ್ರಂಥದ ನಡುಮನೆಯಲ್ಲಿಯೇ ಬಂದು ನಿಂತುಬಿಡುತ್ತದೆ. ಹಿತ್ತಿಲವರೆಗೆ ನಡೆಯತಕ್ಕ ದಾರಿ ಇನ್ನೂ ಅಷ್ಟೇ ಉದ್ದವಾಗಿ ಉಳಿದಿರುತ್ತದೆ.

ಇನ್ನು ಈ ಕಥೆಯನ್ನು ಕೇಳುವವನು ಯಾರೆಂಬುದನ್ನು ನೋಡತಕ್ಕದ್ದು. ವೈಶಂಪಾಯನನ ಮುಂದೆ ಕುಳಿತಿರುವವನು ಜನಮೇಜಯ; ಅರ್ಜುನನ ಮಗ ಅಭಿಮನ್ಯು, ಅವನ ಮಗ ಪರೀಕ್ಷಿತ, ಅವನ ಮಗ. ಯುದ್ಧವನ್ನು ಕಣ್ಣಾರೆ ಕಾಣದ, ಆದರೆ ಆ ಯುದ್ಧವಿಲ್ಲದಿದ್ದರೆ ತಾನು ಕುಳಿತಿರುವ ಸ್ಥಾನದಲ್ಲಿ ಕುಳಿತಿರಲಾರದ ಮರಿಮಗನಿಗೆ ಮುತ್ತಜ್ಜಂದಿರ ಕಥೆಯನ್ನು ಹೇಳಲಾಗುತ್ತಿದೆ. ಹೇಳುವ ಸ್ಥಳವಾದರೋ ಯಜ್ಞಶಾಲೆ. ಆ ಯಜ್ಞವೋ ತಂದೆಯನ್ನು ಕೊಂದವನ ಕುಲವನ್ನೇ ಸುಡಲೆಂದು ಹೂಡಿದ ಸರ್ಪಸತ್ರ. ಕಥೆ ಕೇಳುವವನ ಕೈಯಲ್ಲಿಯೇ ಕಥೆಯೊಳಗಿನ ಬೆಂಕಿ ಇದೆ.

ಈ ಸನ್ನಿವೇಶವು ಕೇವಲ ಪೀಠಿಕೆಯೋ, ಅಥವಾ ಯುದ್ಧದ ಬಗ್ಗೆ ಮಹರ್ಷಿಯ ತೀರ್ಪೋ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ. ಒಂದು ಕುಲದ ಹಲವು ತಲೆಮಾರುಗಳಲ್ಲಿ ಯುದ್ಧವು ಯಾವ ರೂಪದಲ್ಲಿ ಉಳಿಯುತ್ತದೆ, ಅದು ಮುಗಿಯುವುದು ಯಾವಾಗ ಎಂಬ ಪ್ರಶ್ನೆಗೆ ವ್ಯಾಸಭಾರತವು ಕೊಡುವ ಉತ್ತರವನ್ನು ಮೊದಲು ನಿರ್ಣಯಿಸಿ, ಬಳಿಕ ಆ ಒರೆಗಲ್ಲಿನಲ್ಲಿ ಕನ್ನಡದ ಭಾರತಕವಿಗಳನ್ನು ಉಜ್ಜಿ ನೋಡುವುದು ಈ ಲೇಖನದ ಉದ್ದೇಶವಾಗಿದೆ.

೨

ಶಾಂತಿಪರ್ವದ ಆಪದ್ಧರ್ಮಪ್ರಕರಣದಲ್ಲಿ ರಾಜನೀತಿಯ ಒಂದು ಮಾತು ಬರುತ್ತದೆ. ಸಾಲದ ಉಳಿಕೆ, ಬೆಂಕಿಯ ಉಳಿಕೆ, ಹಗೆಯ ಉಳಿಕೆ ಇವು ಎಷ್ಟು ಅಲ್ಪವಾಗಿದ್ದರೂ ಮತ್ತೆ ಮತ್ತೆ ಬೆಳೆಯುವುವೆಂಬುದು ಅದರ ತಾತ್ಪರ್ಯ. ಶತ್ರುಶೇಷವನ್ನು ಉಳಿಸಬಾರದೆಂಬುದು ಇದರಿಂದ ಫಲಿತವಾಗುವ ನೀತಿ. ನೀತಿಯಾಗಿ ಇದು ತಪ್ಪೆಂದು ಭಾರತವು ಎಲ್ಲಿಯೂ ವಾದಿಸಿಲ್ಲ. ಆದರೆ ಆ ನೀತಿಯಂತೆ ನಡೆದವರ ಕಥೆಯನ್ನು ಒಂದೊಂದಾಗಿ ಹೇಳಿ, ಶೇಷವಿಲ್ಲದ ಸಂಹಾರವೆಂಬುದು ಮನುಷ್ಯರಿಂದ ಸಾಧ್ಯವೇ ಅಲ್ಲವೆಂದು ತೋರಿಸಿದೆ.

ಮೊದಲನೆಯ ದೃಷ್ಟಾಂತ ಖಾಂಡವದಹನ. ಅಗ್ನಿಯ ತೃಪ್ತಿಗಾಗಿ ಕೃಷ್ಣಾರ್ಜುನರು ಕಾಡನ್ನು ಸುತ್ತುಗಟ್ಟಿ ಸುಡಿಸಿದರು; ಹೊರಬಂದ ಪ್ರಾಣಿಗಳನ್ನು ತರಿದರು. ತಕ್ಷಕನು ಅಂದು ಅಲ್ಲಿರಲಿಲ್ಲ, ಕುರುಕ್ಷೇತ್ರಕ್ಕೆ ಹೋಗಿದ್ದನು. ಅವನ ಹೆಂಡತಿಯು ಮಗನಾದ ಅಶ್ವಸೇನನನ್ನು ಉಳಿಸಲು ಹೋಗಿ ಅರ್ಜುನನ ಬಾಣದಿಂದ ತಲೆ ಕಡಿದು ಸತ್ತಳು, ಮಗನು ತಪ್ಪಿಸಿಕೊಂಡನು. ಆ ಮಗನೇ ಮುಂದೆ ಕರ್ಣಪರ್ವದಲ್ಲಿ ಕರ್ಣನ ಬಾಣದಲ್ಲಿ ಸೇರಿಕೊಂಡು ಬಂದು ಅರ್ಜುನನ ಕಿರೀಟವನ್ನು ಕೆಡವುತ್ತಾನೆ. ತಾಯನ್ನು ಕೊಂದವನ ಕೊರಳಿಗೆ ಗುರಿಯಿಟ್ಟ ಮಗನ ಬಾಳು ತನ್ನ ಮರಣದಲ್ಲಿ ಕೊನೆಗಂಡಿತು. ತಂದೆಯಾದ ತಕ್ಷಕನು ಉಳಿದನು. ಅರ್ಜುನನ ಮೊಮ್ಮಗನನ್ನು ಕಚ್ಚಿ ಕೊಂದವನು ಇವನೇ. ಕಾಡು ಸುಟ್ಟ ದಿನಕ್ಕೂ ಪರೀಕ್ಷಿತನ ಮರಣಕ್ಕೂ ನಡುವೆ ಒಂದು ಮಹಾಯುದ್ಧವೇ ನಡೆದುಹೋಗಿದೆ; ಆದರೂ ಲೆಕ್ಕ ತೀರಿಲ್ಲ.

ಎರಡನೆಯದು ದ್ರೋಣ-ದ್ರುಪದರ ವೈರ. ಬಾಲ್ಯದ ಗೆಳೆಯನಿಂದಾದ ಅವಮಾನಕ್ಕೆ ದ್ರೋಣನು ಶಿಷ್ಯರ ಕೈಯಿಂದ ಪ್ರತೀಕಾರ ಮಾಡಿಸಿ ಪಾಂಚಾಲದ ಅರ್ಧರಾಜ್ಯವನ್ನು ತೆಗೆದುಕೊಂಡನು. ಉಳಿದರ್ಧವನ್ನು ಗೆಳೆತನದ ಹೆಸರಿನಲ್ಲಿ ಹಿಂದಕ್ಕೆ ಕೊಟ್ಟನು. ಆ ದಾನವೇ ದ್ರುಪದನ ಎದೆಯಲ್ಲಿ ಮುಳ್ಳಾಯಿತು. ದ್ರೋಣನನ್ನು ಕೊಲ್ಲತಕ್ಕ ಮಗನನ್ನು ಅವನು ಯಜ್ಞದಿಂದ ಪಡೆದನು. ಧೃಷ್ಟದ್ಯುಮ್ನನು ಹುಟ್ಟಿದ್ದೇ ತಂದೆಯ ಹಗೆಯನ್ನು ತೀರಿಸಲೆಂದು. ಅವನಿಗೆ ತನ್ನದೆಂಬ ಬೇರೊಂದು ಬಾಳಿಲ್ಲ. ಅವನು ದ್ರೋಣನ ತಲೆಯನ್ನು ಕಡಿದಾಗ ದ್ರುಪದನ ಪಕ್ಷದ ಲೆಕ್ಕ ಮುಗಿಯಿತು. ಅದೇ ಕ್ಷಣದಲ್ಲಿ ಅಶ್ವತ್ಥಾಮನ ಪಕ್ಷದ ಲೆಕ್ಕ ಆರಂಭವಾಯಿತು. ತಂದೆಗಳಿಬ್ಬರ ಮನಸ್ತಾಪವು ಮಕ್ಕಳಿಬ್ಬರ ಕೊಲೆಗೆಲಸವಾಗಿ, ಮೊಮ್ಮಕ್ಕಳ ಹಾಸಿಗೆಯವರೆಗೆ ಬಂದುದು ಹೀಗೆ. ಸೌಪ್ತಿಕಪರ್ವದ ರಾತ್ರಿಯಲ್ಲಿ ಸತ್ತ ದ್ರೌಪದಿಯ ಐವರು ಮಕ್ಕಳು ದ್ರುಪದನ ದೌಹಿತ್ರರು. ದ್ರೋಣನ ಮುಖವನ್ನು ಯುದ್ಧಕ್ಕೆ ಮುಂಚೆ ಅವರು ಕಂಡಿದ್ದರೆ ಗುರುಹಿರಿಯನೆಂದು ನಮಸ್ಕರಿಸಿಯೇ ಇರುತ್ತಿದ್ದರು.

೩

ಅಶ್ವತ್ಥಾಮನ ಕಾರ್ಯದಲ್ಲಿ ಶತ್ರುಶೇಷನೀತಿಯು ತನ್ನ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಮಲಗಿದ್ದವರನ್ನು ಕೊಂದುದು ಸಾಲದೆ, ಬ್ರಹ್ಮಶಿರೋಸ್ತ್ರವನ್ನು ಹಿಂದೆಗೆದುಕೊಳ್ಳಲಾರದೆ ಅದನ್ನು ಪಾಂಡವಸ್ತ್ರೀಯರ ಗರ್ಭದ ಮೇಲೆ ತಿರುಗಿಸುತ್ತಾನೆ. ಇನ್ನೂ ಹುಟ್ಟದಿರುವ, ಹೆಸರಿಲ್ಲದ, ಯಾವ ಪಕ್ಷವನ್ನೂ ಹಿಡಿಯದ ಶಿಶುವೂ ಶತ್ರುವೇ ಆಯಿತು. ಯುದ್ಧಧರ್ಮವು ರಥಿಕನಿಗೆ ರಥಿಕ, ಪದಾತಿಗೆ ಪದಾತಿ ಎಂಬ ಕಟ್ಟಳೆಯಿಂದ ಹೊರಟು ಬಸುರಿಯ ಹೊಟ್ಟೆಯವರೆಗೆ ಇಳಿದುದನ್ನು ಮಹರ್ಷಿಯು ಇಲ್ಲಿ ಕಾಣಿಸಿದ್ದಾನೆ.

ಉತ್ತರೆಯ ಮಗುವು ಸತ್ತೇ ಹುಟ್ಟುತ್ತದೆ. ಆಶ್ವಮೇಧಿಕಪರ್ವದಲ್ಲಿ ಕೃಷ್ಣನು ತನ್ನ ಸತ್ಯದ ಬಲದಿಂದ ಅದನ್ನು ಬದುಕಿಸುತ್ತಾನೆ. ಕುಲವು ಪರಿಕ್ಷೀಣವಾದ ಕಾಲದಲ್ಲಿ ಹುಟ್ಟಿದವನಾದುದರಿಂದ ಪರಿಕ್ಷಿತನೆಂಬ ಹೆಸರಾಯಿತೆಂದು ಮೂಲವೇ ನಿರ್ವಚನ ಕೊಟ್ಟಿದೆ. ಗೆದ್ದವರ ವಂಶಕ್ಕೆ ಉಳಿದ ಒಂದೇ ಕುಡಿಗೆ ಜಯವನ್ನು ಸೂಚಿಸುವ ಹೆಸರು ದೊರೆಯಲಿಲ್ಲ, ಕ್ಷಯವನ್ನು ಸೂಚಿಸುವ ಹೆಸರು ದೊರೆಯಿತು ಎಂಬುದು ಗಮನಾರ್ಹ. ಯುದ್ಧದ ಫಲವೇನೆಂದು ಕೇಳಿದವರಿಗೆ ಈ ನಾಮಕರಣಕ್ಕಿಂತ ಸಂಕ್ಷಿಪ್ತವಾದ ಉತ್ತರವು ಗ್ರಂಥದಲ್ಲಿ ಬೇರೆ ಇಲ್ಲ.

ಇದೇ ಪ್ರಸಂಗದಲ್ಲಿ ದ್ರೌಪದಿಯ ನಡತೆಯನ್ನು ವಿಮರ್ಶಕರು ಸಾಮಾನ್ಯವಾಗಿ ಅವಸರದಿಂದ ದಾಟಿಹೋಗುತ್ತಾರೆ. ಐವರು ಮಕ್ಕಳನ್ನು ಕಳೆದುಕೊಂಡ ಆಕೆಯು ಮೊದಲು ಅಶ್ವತ್ಥಾಮನ ಪ್ರಾಣವನ್ನೇ ಬೇಡಿ ಪ್ರಾಯೋಪವೇಶಕ್ಕೆ ಕುಳಿತವಳು. ಅವನ ತಲೆಯ ಮಣಿಯನ್ನು ಭೀಮನು ತಂದಿತ್ತಾಗ, ತನಗೆ ಬೇಕಾಗಿದ್ದುದು ಋಣವಿಮೋಚನೆಯಷ್ಟೆ, ಗುರುಪುತ್ರನು ತನಗೂ ಗುರುವೇ ಎಂದು ಹೇಳಿ ಅಲ್ಲಿಗೆ ನಿಲ್ಲಿಸುತ್ತಾಳೆ. ಭಾಗವತವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನು ಅತ್ತಂತೆ ಅವನ ತಾಯಿಯು ಅಳಬಾರದೆಂಬ ಕಾರಣವನ್ನೂ ಆಕೆಯ ಬಾಯಲ್ಲಿ ಇಟ್ಟಿದೆ. ಪ್ರತಿಜ್ಞೆಗಳಿಂದ ತುಂಬಿದ ಈ ಗ್ರಂಥದಲ್ಲಿ, ಬರಬೇಕಾದ ಸಾಲದಲ್ಲಿ ಅಂಶವನ್ನು ತೆಗೆದುಕೊಂಡು ಉಳಿದುದನ್ನು ಬಿಟ್ಟವರಲ್ಲಿ ಮೊದಲಿಗಳು ದ್ರೌಪದಿ. ಸಭೆಯಲ್ಲಿ ಮುಡಿ ಹಿಡಿದೆಳೆಸಿಕೊಂಡವಳೇ ಹಗೆಯ ಸರಪಳಿಯಲ್ಲಿ ಮೊದಲನೆಯ ಕೊಂಡಿಯನ್ನು ಕಳಚಿದಳೆಂಬುದು ಮುಂದಿನ ವಿಚಾರಕ್ಕೆ ಅತ್ಯಂತ ಉಪಯುಕ್ತವಾದ ಅಂಶವಾಗಿದೆ.

೪

ಯುದ್ಧವು ನಿಂತ ಮೇಲೆ ಮನೆಯೊಳಗೆ ಏನಾಯಿತೆಂಬುದನ್ನು ಸ್ತ್ರೀಪರ್ವ, ಆಶ್ವಮೇಧಿಕಪರ್ವ, ಆಶ್ರಮವಾಸಿಕಪರ್ವಗಳು ಹೇಳುತ್ತವೆ. ತರ್ಪಣಕ್ಕೆ ನೀರಿಗಿಳಿದ ಗಳಿಗೆಯಲ್ಲಿ ಕರ್ಣನಿಗೂ ಜಲವನ್ನು ಕೊಡಿರೆಂದು ಕುಂತಿಯು ಹೇಳಿ, ಅವನು ತಮ್ಮಣ್ಣನೆಂದು ಪಾಂಡವರಿಗೆ ತಿಳಿಯುವುದು ಸರ್ವವಿದಿತವಾಗಿದೆ. ಸತ್ತವರ ಲೆಕ್ಕ ಹಾಕುವಾಗಲೇ ಕುಲದ ನಿಜವಾದ ಲೆಕ್ಕ ಹೊರಬಂದಿತು.

ಆಶ್ವಮೇಧಿಕಪರ್ವದ ಎರಡು ಪ್ರಸಂಗಗಳು ಇಲ್ಲಿ ವಿಶೇಷವಾಗಿ ಪರಿಶೀಲನಾರ್ಹ. ಕುದುರೆಯ ಹಿಂದೆ ಹೊರಟ ಅರ್ಜುನನು ಸಿಂಧುದೇಶವನ್ನು ಮುಟ್ಟುತ್ತಾನೆ. ಅದು ಜಯದ್ರಥನ ದೇಶ. ಆ ಜಯದ್ರಥನ ಹೆಂಡತಿ ದುಶ್ಶಳೆಯು ಕೌರವರ ಒಬ್ಬಳೇ ತಂಗಿ, ಅರ್ಜುನನಿಗೂ ತಂಗಿ. ತಂದೆಯನ್ನು ಕೊಂದವನು ಮತ್ತೆ ಬಂದನೆಂಬ ಸುದ್ದಿ ಕೇಳಿದ ಮಾತ್ರಕ್ಕೆ ಅವಳ ಮಗ ಸುರಥನು ಪ್ರಾಣ ಬಿಟ್ಟನು. ಬಾಣ ತಗಲಲಿಲ್ಲ, ಕತ್ತಿ ಮುಟ್ಟಲಿಲ್ಲ, ಹೆಸರೇ ಕೊಂದಿತು. ದುಶ್ಶಳೆಯು ಆ ಮಗನ ಮಗುವನ್ನು ಎತ್ತಿಕೊಂಡು ರಣರಂಗಕ್ಕೆ ಬರುತ್ತಾಳೆ. ಅಭಿಮನ್ಯುವಿನಿಂದ ಪರೀಕ್ಷಿತನು ಹೇಗೋ ಸುರಥನಿಂದ ಈ ಮಗುವೂ ಹಾಗೆಯೇ ಎಂದು ಅಣ್ಣನಿಗೆ ತಿಳಿಸುತ್ತಾಳೆ. ಅರ್ಜುನನು ಗಾಂಡೀವವನ್ನು ಕೆಳಗಿಟ್ಟುಬಿಡುತ್ತಾನೆ. ಗೆದ್ದ ಮನೆಯಲ್ಲಿಯೂ ಸೋತ ಮನೆಯಲ್ಲಿಯೂ ಮಗನಿಲ್ಲ, ಮೊಮ್ಮಗನಿದ್ದಾನೆ. ಅಜ್ಜಿಯ ತೋಳಿನಲ್ಲಿರುವ ಕೂಸು ಎರಡು ಪಕ್ಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಟ್ಟಿದೆ. ಶತ್ರುಶೇಷವೆಂದು ಕೊಲ್ಲಬಹುದಾಗಿದ್ದ ಕೂಸಿನ ಮುಂದೆ ಶಸ್ತ್ರವಿಟ್ಟ ಅರ್ಜುನನು, ತನ್ನ ಮೊಮ್ಮಗನ ವಿಷಯದಲ್ಲಿ ಅಶ್ವತ್ಥಾಮನು ಮಾಡಿದುದನ್ನು ತಾನು ಮಾಡದೆ ಉಳಿದನು. ಅಸ್ತ್ರದ ಮುಖದಲ್ಲಿ ಶ್ರೀಕೃಷ್ಣನಿಂದ ಬದುಕಿದ ಶಿಶುವಿಗಿಂತ ಈ ಶಿಶುವಿನ ಕಥೆ ಚಿಕ್ಕದು. ಆದರೂ ಇದರಲ್ಲಿ ಪವಾಡವಿಲ್ಲ, ಮನುಷ್ಯನ ನಿರ್ಧಾರವೊಂದೇ ಇದೆ.

ಎರಡನೆಯದು ಬಭ್ರುವಾಹನನ ಕಥೆ. ವಿನಯದಿಂದ ಎದುರುಗೊಂಡ ಮಗನನ್ನು ಅರ್ಜುನನು ಕ್ಷತ್ರಿಯಧರ್ಮವಲ್ಲವೆಂದು ಹಳಿಯುತ್ತಾನೆ. ಉಲೂಪಿಯ ಪ್ರೇರಣೆಯಿಂದ ಮಗನು ಕಾದಿ ತಂದೆಯನ್ನು ಕೆಡವುತ್ತಾನೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದ ಪಾಪಕ್ಕೆ ವಸುಗಳು ಶಪಿಸಿದ್ದರೆಂದೂ, ಮಗನ ಕೈಯಿಂದ ಬೀಳುವುದೇ ಅದಕ್ಕೆ ನಿಷ್ಕೃತಿಯೆಂದೂ ಉಲೂಪಿಯು ಬಳಿಕ ವಿವರಿಸುತ್ತಾಳೆ. ಅಜ್ಜನನ್ನು ಕೊಂದ ಸಾಲವನ್ನು ಮಗನಿಗೆ ತೆತ್ತಂತಾಯಿತು. ಕುಲದೊಳಗಿನ ಯುದ್ಧದಲ್ಲಿ ಹಿರಿಯನ ಮೇಲೆ ಬಿಟ್ಟ ಬಾಣವು ಎಲ್ಲಿಯೋ ಸುತ್ತಿ ಕಿರಿಯನ ಕೈಯಿಂದ ಹಿಂದಿರುಗುತ್ತದೆಂಬ ತತ್ತ್ವವನ್ನು ಇದಕ್ಕಿಂತ ಸ್ಫುಟವಾಗಿ ಹೇಳುವುದು ಕಷ್ಟ.

೫

ಆಶ್ರಮವಾಸಿಕಪರ್ವವು ಪಾಠಶಾಲೆಗಳಲ್ಲಿ ಅಷ್ಟಾಗಿ ಓದಿಸಲ್ಪಡದ ಪರ್ವ. ಆದರೆ ಗೃಹಜೀವನದ ಸೂಕ್ಷ್ಮತೆಯಲ್ಲಿ ಅದಕ್ಕೆ ಸಮನಾದ ಭಾಗಗಳು ವಿರಳ. ಧೃತರಾಷ್ಟ್ರನು ೧೫ ವರ್ಷ ಧರ್ಮರಾಜನ ಆಶ್ರಯದಲ್ಲಿ ಬಾಳಿದನು. ಧರ್ಮರಾಜನು ಯಾವ ಮರ್ಯಾದೆಯನ್ನೂ ಕಡಿಮೆಮಾಡಲಿಲ್ಲ. ಆದರೆ ಭೀಮನು ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿ, ಈ ತೋಳುಗಳೇ ಕುರುಡನ ಮಕ್ಕಳನ್ನು ಕೊಂದುವೆಂದು ಗೆಳೆಯರ ನಡುವೆ ಹೇಳಿಕೊಳ್ಳುತ್ತಿದ್ದನು. ಕಾಡಿಗೆ ಹೊರಡುವ ಮುನ್ನ ಸತ್ತವರ ಶ್ರಾದ್ಧಕ್ಕೆಂದು ಧೃತರಾಷ್ಟ್ರನು ಹಣ ಕೇಳಿದಾಗಲೂ ಭೀಮನು ಅಡ್ಡಬಂದನು. ಅರ್ಜುನನು ಅಣ್ಣನನ್ನು ಸಮಾಧಾನಪಡಿಸಬೇಕಾಯಿತು. ಧರ್ಮರಾಜನು ತನ್ನ ಭಂಡಾರದಿಂದ ಕೊಟ್ಟನು. ಹದಿನೈದು ವರ್ಷಗಳ ಬಳಿಕವೂ ಯುದ್ಧವು ಶ್ರಾದ್ಧದ ಖರ್ಚಿನ ಜಗಳವಾಗಿ ಮನೆಯೊಳಗೆ ಉಳಿದಿತ್ತು. ಕುಂತಿಯು ಮಕ್ಕಳ ರಾಜ್ಯಸುಖವನ್ನು ಬಿಟ್ಟು, ಅವರು ಎಷ್ಟು ಬೇಡಿದರೂ ನಿಲ್ಲದೆ, ಗಾಂಧಾರಿಯ ಹಿಂದೆ ಕಾಡಿಗೆ ಹೋದುದರ ಅರ್ಥವೂ ಇಲ್ಲಿಯೇ ಹೊಳೆಯುತ್ತದೆ.

ಅದೇ ಪರ್ವದ ಪುತ್ರದರ್ಶನಪ್ರಕರಣದಲ್ಲಿ ವ್ಯಾಸನು ಸತ್ತ ವೀರರನ್ನೆಲ್ಲ ಒಂದು ರಾತ್ರಿಯ ಮಟ್ಟಿಗೆ ಗಂಗೆಯಿಂದೆಬ್ಬಿಸಿ ಬಂಧುಗಳಿಗೆ ತೋರಿಸುತ್ತಾನೆ. ಅವರಲ್ಲಿ ಹಗೆಯಿಲ್ಲ, ಮತ್ಸರವಿಲ್ಲ. ಕರ್ಣನೂ ಅಭಿಮನ್ಯುವೂ ದುರ್ಯೋಧನನೂ ಒಟ್ಟಾಗಿ ಬರುತ್ತಾರೆ. ಬೆಳಗಾದರೆ ಎಲ್ಲರೂ ಮಾಯ. ಸತ್ತವರಿಗೆ ಹಗೆ ತೀರಿದೆ, ತೀರದಿರುವುದು ಬದುಕಿದವರಿಗೆ. ಕಥೆಯು ಈ ಘಟ್ಟಕ್ಕೆ ಬಂದಾಗ ಕೇಳುತ್ತಿದ್ದ ಜನಮೇಜಯನು ತಡೆಯಲಾರದೆ, ತನಗೂ ತಂದೆಯನ್ನು ತೋರಿಸಬೇಕೆಂದು ಬೇಡುತ್ತಾನೆ. ವ್ಯಾಸನು ಪರೀಕ್ಷಿತನನ್ನು ಅದೇ ರೂಪದಲ್ಲಿ, ಅದೇ ವಯಸ್ಸಿನಲ್ಲಿ ತಂದು ನಿಲ್ಲಿಸುತ್ತಾನೆ. ಸರ್ಪಗಳನ್ನು ಸುಡಲು ಕುಳಿತ ದೊರೆಯೊಳಗೆ, ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಹುಡುಗನಿದ್ದನೆಂಬುದು ಇಲ್ಲಿ ಮಾತ್ರ ಬಯಲಾಗುತ್ತದೆ. ಕ್ರೋಧದ ಕೆಳಗಿರುವ ಶೋಕವನ್ನು ಕವಿಯು ಇಷ್ಟು ತಡವಾಗಿ, ಹದಿನೈದನೆಯ ಪರ್ವದಲ್ಲಿ, ತೋರಿಸಿದುದು ಸಾಮಾನ್ಯವಾದ ಕೌಶಲವಲ್ಲ.

೬

ಇನ್ನು ಆರಂಭಕ್ಕೆ ಹಿಂದಿರುಗಿ ಆದಿಪರ್ವದ ಉಪಕ್ರಮವನ್ನು ನೋಡಿದರೆ ಅದರ ಆಶಯವು ತಾನಾಗಿ ತೆರೆದುಕೊಳ್ಳುತ್ತದೆ. ಪೌಷ್ಯಪ್ರಕರಣದಲ್ಲಿ ಜನಮೇಜಯನ ತಮ್ಮಂದಿರು ಯಜ್ಞಶಾಲೆಯ ಬಳಿಗೆ ಬಂದ ನಾಯಿಮರಿಯೊಂದನ್ನು ಹೊಡೆಯುತ್ತಾರೆ. ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ, ತಪ್ಪಿಲ್ಲದ ಮಗನನ್ನು ಏಕೆ ಹೊಡೆದಿರೆಂದು ತಾಯಿಯಾದ ಸರಮೆಯು ಕೇಳುತ್ತಾಳೆ, ಉತ್ತರವಿಲ್ಲ. ಕಾಣದ ಭಯವು ನಿಮಗೆ ಬರಲೆಂದು ಶಪಿಸುತ್ತಾಳೆ. ಪೌಲೋಮಪ್ರಕರಣದಲ್ಲಿ ಪ್ರಿಯೆಯನ್ನು ಹಾವು ಕಚ್ಚಿತೆಂದು ಕಂಡ ಹಾವನ್ನೆಲ್ಲ ಬಡಿಯುತ್ತಿದ್ದ ರುರುವಿಗೆ, ವಿಷವಿಲ್ಲದ ಡುಂಡುಭವು ತನ್ನ ಅಪರಾಧವೇನೆಂದು ಕೇಳುತ್ತದೆ. ಒಬ್ಬನ ತಪ್ಪಿಗೆ ಕುಲವೇ ಹೊಣೆಯೋ ಎಂಬ ಒಂದೇ ಪ್ರಶ್ನೆಯನ್ನು ಎರಡು ಮೂಕಪ್ರಾಣಿಗಳ ಬಾಯಿಂದ ಕೇಳಿಸಿದ ಮೇಲೆಯೇ ಗ್ರಂಥವು ಸರ್ಪಸತ್ರದ ಬಳಿಗೆ ಬರುತ್ತದೆ.

ಪರೀಕ್ಷಿತನ ಮರಣದ ಕಥೆಯಲ್ಲಿಯೂ ಇದೇ ಸೂತ್ರವಿದೆ. ಸತ್ತ ಹಾವನ್ನು ಕೊರಳಿಗೆ ಹಾಕಿಸಿಕೊಂಡ ಶಮೀಕಮುನಿಯು ದೊರೆಯನ್ನು ಕ್ಷಮಿಸಿದ್ದನು. ಶಪಿಸಿದವನು ಮಗನಾದ ಶೃಂಗಿ. ಶಾಪವನ್ನು ಕೇಳಿ ತಂದೆಯು ನೊಂದನೇ ಹೊರತು ಹಿಗ್ಗಲಿಲ್ಲ. ಅವಮಾನಗೊಂಡವನಿಗಿಂತ ಅವನ ಮಗನಿಗೆ ಅವಮಾನವು ಹೆಚ್ಚು ದೊಡ್ಡದಾಗಿ ಕಾಣುವುದು ಈ ಗ್ರಂಥದಲ್ಲಿ ಮತ್ತೆ ಮತ್ತೆ ಬರುವ ಅಂಶ. ಸಾಲವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುವಾಗ ಬಡ್ಡಿ ಸೇರಿಯೇ ಇಳಿಯುತ್ತದೆ.

ಸರ್ಪಸತ್ರವನ್ನು ನಿಲ್ಲಿಸಿದ ಆಸ್ತೀಕನು ಯಾರು? ತಂದೆಯ ಕಡೆಯಿಂದ ಬ್ರಾಹ್ಮಣ, ತಾಯಿಯ ಕಡೆಯಿಂದ ನಾಗ, ವಾಸುಕಿಯ ಸೋದರಳಿಯ. ಸುಡುವವರ ಯಜ್ಞಶಾಲೆಗೆ ಪ್ರವೇಶವುಳ್ಳ, ಸುಡಲ್ಪಡುವವರ ರಕ್ತವುಳ್ಳ ಬಾಲಕನೊಬ್ಬನೇ ಈ ಕಾರ್ಯಕ್ಕೆ ಅರ್ಹ. ದೊರೆಯು ಹೊನ್ನು, ಹಸುಗಳನ್ನು ಕೊಡುವೆನೆಂದರೂ ಒಲ್ಲದೆ, ಯಜ್ಞವು ನಿಲ್ಲಲಿ ಎಂಬ ಒಂದೇ ವರವನ್ನು ಬೇಡುತ್ತಾನೆ. ತಕ್ಷಕನು ಅಂತರಿಕ್ಷದಲ್ಲಿ ತೂಗುತ್ತಿರುವಾಗ ಜನಮೇಜಯನು ಹಾಗೆಯೇ ಆಗಲೆನ್ನುತ್ತಾನೆ. ಪರೀಕ್ಷಿತನನ್ನು ಕೊಂದವನು ಶಿಕ್ಷೆಯಿಲ್ಲದೆ ಹೋಗುತ್ತಾನೆ. ನ್ಯಾಯದ ದೃಷ್ಟಿಯಿಂದ ಇದು ಅಪೂರ್ಣವೇ ಸರಿ. ಆದರೆ ಖಾಂಡವದಲ್ಲಿ ಹೊತ್ತಿದ ಬೆಂಕಿಯು ಆರಿದುದು ಇಲ್ಲಿಯೇ. ಶತ್ರುಶೇಷವನ್ನು ಉಳಿಸಿದುದರಿಂದ ಹಗೆಯು ಬೆಳೆಯದೆ ಮುಗಿದ ಏಕಮಾತ್ರ ನಿದರ್ಶನವನ್ನು ಗ್ರಂಥವು ತನ್ನ ಬಾಗಿಲಿನಲ್ಲಿಯೇ ನಿಲ್ಲಿಸಿದೆ. ಯುದ್ಧವು ಗೆದ್ದಾಗ ಮುಗಿಯುವುದಿಲ್ಲ. ವಾರಸುದಾರನೊಬ್ಬನು ತನಗೆ ಬರಬೇಕಾದುದನ್ನು ವಸೂಲುಮಾಡದೆ ಬಿಟ್ಟಾಗ ಮುಗಿಯುತ್ತದೆ. ಇದೇ ಭಾರತದ ಸಿದ್ಧಾಂತ.

೭

ಇಲ್ಲಿ ಒಂದು ಆಕ್ಷೇಪ ಬರಬಹುದು. ಉಪಾಖ್ಯಾನಗಳಿಲ್ಲದ ೨೪,೦೦೦ ಶ್ಲೋಕಗಳ ಭಾರತವೊಂದಿತ್ತೆಂದು ಆದಿಪರ್ವವೇ ಹೇಳುತ್ತದೆ. ಪೌಷ್ಯಪೌಲೋಮಗಳು ಭೃಗುವಂಶದವರ ಆಸಕ್ತಿಯಿಂದ ಸೇರಿದುವೆಂಬ ವಿಚಾರವನ್ನು ವಿ. ಎಸ್. ಸುಖಠಣಕರರು ೧೯೩೬ರಷ್ಟು ಹಿಂದೆಯೇ ಮಂಡಿಸಿದ್ದಾರೆ. ಹೀಗಿರುವಾಗ ಈ ಚೌಕಟ್ಟನ್ನು ಕವಿಯ ಆಶಯವೆಂದು ಹೇಗೆ ಹೇಳಬಹುದು?

ಇದಕ್ಕೆ ಸಮಾಧಾನವು ಎರಡು ವಿಧ. ಪುಣೆಯ ಭಾಂಡಾರಕರ ಸಂಶೋಧನ ಮಂದಿರವು ೧೯೧೯ರಿಂದ ಕೈಗೊಂಡು ೧೯೬೬ರಲ್ಲಿ ಮುಗಿಸಿದ ಪರಿಷ್ಕರಣದಲ್ಲಿ ಈ ಪ್ರಕರಣಗಳೂ, ದುಶ್ಶಳೆ, ಬಭ್ರುವಾಹನ, ಪುತ್ರದರ್ಶನಗಳ ಕಥೆಗಳೂ ಮೂಲಪಾಠದಲ್ಲಿಯೇ ನಿಂತಿವೆ. ದೊರೆತ ಹಸ್ತಪ್ರತಿಗಳಿಗೆ ಎಟುಕುವ ಅತಿ ಪ್ರಾಚೀನವಾದ ಭಾರತವು ಇವುಗಳೊಡನೆ ಕೂಡಿದ್ದೇ ಆಗಿದೆ. ಎರಡನೆಯದಾಗಿ, ಭಾರತವನ್ನು ಮನುವಿನಿಂದ ಆರಂಭಿಸುವವರೂ, ಆಸ್ತೀಕನಿಂದ ಆರಂಭಿಸುವವರೂ, ಉಪರಿಚರನಿಂದ ಆರಂಭಿಸುವವರೂ ಇದ್ದಾರೆಂದು ಗ್ರಂಥವೇ ಒಪ್ಪಿಕೊಂಡಿದೆ. ಆಸ್ತೀಕನಿಂದ ಆರಂಭಿಸಿದವರು ಯಾವ ಕಾಲದವರೇ ಆಗಿರಲಿ, ಯುದ್ಧದ ಕಥೆಯನ್ನು ಯುದ್ಧವನ್ನು ನಿಲ್ಲಿಸಿದವನ ಕಥೆಯೊಳಗೆ ಇಟ್ಟು ಓದಬೇಕೆಂದು ಅವರು ನಿರ್ಣಯಿಸಿದ್ದರು. ಅದನ್ನು ಪ್ರಕ್ಷೇಪವೆಂದರೂ ಭಾರತದ ಮೇಲೆ ಹುಟ್ಟಿದ ಪ್ರಾಚೀನತಮ ವಿಮರ್ಶೆಯೆಂದು ಗೌರವಿಸಲೇಬೇಕಾಗುತ್ತದೆ.

ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ, ವೃಷ್ಣಿಗಳ ಮತ್ತು ಪಾಂಡವರ ವಿರಸವಾದ ಅವಸಾನವನ್ನು ಆಧಾರವಾಗಿಟ್ಟುಕೊಂಡು, ಭಾರತದ ಅಂಗಿರಸವು ಶಾಂತವೆಂದು ಸ್ಥಾಪಿಸಿದನು. ಈ ಸಿದ್ಧಾಂತವು ಅಚಲ. ಆದರೆ ಅದಕ್ಕೆ ವೈರಾಗ್ಯವೊಂದೇ ಮಾರ್ಗವೆಂದು ತಿಳಿದರೆ ಅರ್ಧವನ್ನು ಬಿಟ್ಟಂತಾಗುತ್ತದೆ. ಪಾಂಡವರು ರಾಜ್ಯವನ್ನು ತೊರೆದು ಮಹಾಪ್ರಸ್ಥಾನಕ್ಕೆ ಹೊರಟುದು ನಿಜ. ಆದರೆ ಹೊರಡುವ ಮುನ್ನ ಪರೀಕ್ಷಿತನಿಗೆ ಪಟ್ಟ ಕಟ್ಟಿ, ಧೃತರಾಷ್ಟ್ರನ ಮಕ್ಕಳಲ್ಲಿ ಉಳಿದ ಯುಯುತ್ಸುವಿಗೆ ರಾಜ್ಯದ ಮೇಲ್ವಿಚಾರಣೆಯನ್ನೂ, ಸೌಪ್ತಿಕದ ರಾತ್ರಿಯಲ್ಲಿ ಶಿಬಿರದ ಬಾಗಿಲು ಕಾದಿದ್ದ ಕೃಪ���ಿಗೆ ಆ ಬಾಲಕನ ಗುರುತ್ವವನ್ನೂ ವಹಿಸಿದರು. ಎದುರುಪಕ್ಷದ ಶೇಷವೇ ಕುಲದ ಕಾವಲಾಯಿತು. ಶಾಂತರಸವು ಇಲ್ಲಿ ಬಿಡುವುದರಲ್ಲಿ ಮಾತ್ರವಲ್ಲ, ಒಪ್ಪಿಸುವುದರಲ್ಲಿಯೂ ಇದೆ.

೮

ಈ ಒರೆಗಲ್ಲಿನಲ್ಲಿ ಮೊದಲು ನೋಡತಕ್ಕದ್ದು, ಭಾಸನದೆಂದು ಪ್ರಸಿದ್ಧವಾಗಿ, ಟಿ. ಗಣಪತಿಶಾಸ್ತ್ರಿಗಳಿಂದ ತಿರುವನಂತಪುರದಲ್ಲಿ ಬೆಳಕಿಗೆ ಬಂದ ನಾಟಕಗಳಲ್ಲೊಂದಾದ ಊರುಭಂಗ. ಕರ್ತೃವಿನ ವಿಷಯದಲ್ಲಿ ವಿವಾದವಿದ್ದರೂ ಕೃತಿಯ ಗುಣದಲ್ಲಿ ವಿವಾದವಿಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಕುರುಡ ತಂದೆ, ಕಣ್ಣು ಕಟ್ಟಿಕೊಂಡ ತಾಯಿ, ಹೆಂಡತಿಯರು, ಬಾಲಕನಾದ ಮಗ ದುರ್ಜಯ ಇವರೆಲ್ಲ ಬರುತ್ತಾರೆ. ಮಗನು ಅಭ್ಯಾಸದಂತೆ ತೊಡೆಯ ಮೇಲೆ ಕೂರಲು ಬರುತ್ತಾನೆ, ತಂದೆಯು ತಡೆಯಬೇಕಾಗುತ್ತದೆ. ಮೂರು ತಲೆಮಾರುಗಳು ಒಂದು ಮುರಿದ ತೊಡೆಯ ಸುತ್ತ ನಿಂತಿವೆ. ದುರ್ಯೋಧನನು ಮಗನಿಗೆ ಕೊಡುವ ಉಪದೇಶದಲ್ಲಿ ಪ್ರತೀಕಾರದ ಮಾತಿಲ್ಲ. ತನ್ನಂತೆಯೇ ಪಾಂಡವರನ್ನೂ ಸೇವಿಸು, ಕುಂತಿಯ ಮಾತನ್ನು ನಡೆಸು, ಅಭಿಮನ್ಯುವಿನ ತಾಯನ್ನೂ ದ್ರೌಪದಿಯನ್ನೂ ತಾಯಿಯೆಂದು ಭಾವಿಸು ಎಂಬ ಅರ್ಥದ ಮಾತುಗಳಿವೆ. ಆದರೆ ಕೊನೆಗೆ ಬರುವ ಅಶ್ವತ್ಥಾಮನು ಅದೇ ಬಾಲಕನಿಗೆ ಅಭಿಷೇಕವಿಲ್ಲದೆ ಮಾತಿನಿಂದಲೇ ಪಟ್ಟ ಕಟ್ಟುತ್ತಾನೆ. ಕಳೆದುಕೊಂಡವನು ಸಾಲಪತ್ರವನ್ನು ಹರಿದನು. ಪಕ್ಕದಲ್ಲಿದ್ದವನು ಅದನ್ನು ಮತ್ತೆ ಬರೆದು ಮಗುವಿನ ಕೈಗೆ ಕೊಟ್ಟನು. ಶಮೀಕ-ಶೃಂಗಿಯರ ಕಥೆಯಲ್ಲಿ ಕಂಡ ಸೂತ್ರವನ್ನೇ ನಾಟಕಕಾರನು ಇನ್ನೊಂದು ಮುಖದಿಂದ ಹಿಡಿದಿದ್ದಾನೆ.

ಕನ್ನಡದಲ್ಲಿ ಪಂಪನ ವಿಕ್ರಮಾರ್ಜುನವಿಜಯವು (ಕ್ರಿ. ಶ. ೯೪೧) ಸುಭದ್ರೆಯೊಡನೆ ಅರ್ಜುನನಿಗಾಗುವ ಪಟ್ಟಾಭಿಷೇಕದಿಂದಲೂ, ರನ್ನನ ಗದಾಯುದ್ಧವು ಭೀಮನ ಪಟ್ಟಾಭಿಷೇಕದಿಂದಲೂ ಮುಗಿಯುತ್ತವೆ. ಅರಿಕೇಸರಿಯನ್ನು ಅರ್ಜುನನಲ್ಲಿಯೂ, ಸತ್ಯಾಶ್ರಯನನ್ನು ಭೀಮನಲ್ಲಿಯೂ ಅಭೇದವಾಗಿ ಕಂಡ ಕವಿಗಳಿಗೆ ಬೇರೆ ದಾರಿಯಿರಲಿಲ್ಲ. ನಾಯಕನಾದ ಆಶ್ರಯದಾತನನ್ನು ಸಿಂಹಾಸನದ ಮೇಲೆ ಬಿಟ್ಟು ಕಾವ್ಯವು ಮುಗಿಯಬೇಕಲ್ಲದೆ, ಅವನನ್ನು ಹಿಮಾಲಯಕ್ಕೆ ನಡೆಸಿ ಮುಗಿಯಲಾಗದು. ಆದುದರಿಂದ ಇದನ್ನು ದೋಷವೆನ್ನುವುದು ಸರಿಯಲ್ಲ. ಆದರೆ ಇದರಿಂದ ಮೊಮ್ಮಕ್ಕಳ ಕಥೆಯು ಚಂಪೂಭಾರತಗಳ ಹೊರಗೆ ಉಳಿಯಿತೆಂಬುದನ್ನು ಹೇಳದಿರುವುದೂ ಸರಿಯಲ್ಲ.

ರನ್ನನ ಪ್ರತಿಭೆಯು ಈ ಕಟ್ಟನ್ನು ಒಳಗಿನಿಂದಲೇ ಸಡಿಲಿಸಿದೆ. ಹೆಣಗಳ ನಡುವೆ ಸಂಜಯನೊಡನೆ ನಡೆಯುವ ದುರ್ಯೋಧನನು ಮಗನಾದ ಲಕ್ಷಣಕುಮಾರನ ಹೆಣವನ್ನು ಕಂಡು, ಮಗನು ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ಕೊಡಬೇಕಾಗಿ ಬಂದುದಕ್ಕೆ ಮರುಗುತ್ತಾನೆ. ಯುದ್ಧವು ತಲೆಮಾರುಗಳ ಸರದಿಯನ್ನೇ ತಿರುವುಮುರುವು ಮಾಡುತ್ತದೆಂಬ ತತ್ತ್ವವು ಸ್ತ್ರೀಪರ್ವದ ಇಡೀ ವಿಲಾಪದ ಸಾರ. ಅದನ್ನು ರನ್ನನು ಸೋತವನ ಬಾಯಲ್ಲಿ ಒಂದು ಪದ್ಯದಲ್ಲಿ ಹಿಡಿದಿಟ್ಟಿದ್ದಾನೆ. ಅದೇ ದುರ್ಯೋಧನನು ಅಭಿಮನ್ಯುವಿನ ಹೆಣದ ಮುಂದೆ ನಿಂತು ಹಗೆಯ ಮಗನ ಪರಾಕ್ರಮಕ್ಕೆ ತಲೆಬಾಗುತ್ತಾನೆ. ಗೆದ್ದವನಿಗೆ ಪಟ್ಟವನ್ನೂ ಸೋತವನಿಗೆ ಹೃದಯವನ್ನೂ ಕೊಟ್ಟ ಕಾವ್ಯವೆಂದು ಗದಾಯುದ್ಧವನ್ನು ಕರೆಯಬಹುದು.

ಕುಮಾರವ್ಯಾಸನು ಸೌಪ್ತಿಕ, ಸ್ತ್ರೀಪರ್ವಗಳ ಕಥೆಯನ್ನು ಗದಾಪರ್ವದಲ್ಲಿ ಅಡಕಗೊಳಿಸಿ ಧರ್ಮರಾಯನ ಪಟ್ಟಾಭಿಷೇಕದಲ್ಲಿ ನಿಲ್ಲಿಸಿದನು. ಅವನಿಗೆ ರಾಜಾಶ್ರಯದ ಕಟ್ಟಿರಲಿಲ್ಲ. ವೀರನಾರಾಯಣನೇ ಅವನ ಆಶ್ರಯ. ಕೃಷ್ಣಕಥೆಯೆಂದು ಹೊರಟ ಕವಿಗೆ ಕೃಷ್ಣನ ಸಂಕಲ್ಪವು ನೆರವೇರಿದಲ್ಲಿ ನಿಲ್ಲುವುದು ಸಹಜ. ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ (೧೫೦೯-೧೫೨೯) ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರೈಸಿದನಾದರೂ, ಜನರ ಕಿವಿಯಲ್ಲಿ ನಿಂತುದು ಗದುಗಿನವನ ಹತ್ತು ಪರ್ವಗಳೇ.

ಮೊಮ್ಮಕ್ಕಳ ಕಾಲವನ್ನು ಕನ್ನಡಕ್ಕೆ ತಂದ ಕೀರ್ತಿಯು ಲಕ್ಷ್ಮೀಶನದು. ಜೈಮಿನಿಭಾರತವು ಯುದ್ಧವು ಮುಗಿದ ಮೇಲೆ ಆರಂಭವಾಗುತ್ತದೆ. ಅದನ್ನು ಕೇಳುವವನೂ ಜನಮೇಜಯನೇ. ಯಾಗದ ಕುದುರೆಯನ್ನು ತರಲು ಭೀಮನೊಡನೆ ಹೊರಡುವವರು ಕರ್ಣನ ಮಗ ವೃಷಕೇತು ಮತ್ತು ಘಟೋತ್ಕಚನ ಮಗ. ಕರ್ಣನ ಶಕ್ತ್ಯಾಯುಧದಿಂದ ಸತ್ತವನ ಮಗನೂ, ಅರ್ಜುನನ ಬಾಣದಿಂದ ಸತ್ತವನ ಮಗನೂ ಒಂದೇ ದಾರಿಯಲ್ಲಿ ನಡೆಯುತ್ತಾರೆ. ವೃಷಕೇತುವು ತಂದೆಯನ್ನು ಕೊಂದವರ ಮನೆಯಲ್ಲಿ ಮಗನಾಗಿ ಬಾಳಿ, ಅರ್ಜುನನಿಗಾಗಿಯೇ ಬಭ್ರುವಾಹನನೆದುರು ತಲೆಯನ್ನೊಪ್ಪಿಸುತ್ತಾನೆ. ಅರ್ಜುನನು ಸ್ವಂತ ಮಗನನ್ನು ಒದೆದು ತಿರಸ್ಕರಿಸಿ, ಹಗೆಯ ಮಗನನ್ನು ಕರುಳಿನಂತೆ ಕಾಣುವ ಈ ವೈಪರೀತ್ಯವು ಮೂಲಭಾರತದಲ್ಲಿಲ್ಲ. ಅದನ್ನು ಸಂಸ್ಕೃತ ಜೈಮಿನಿಯಿಂದ ಪಡೆದು ಲಕ್ಷ್ಮೀಶನು ಕರುಣಕ್ಕೆ ಯೋಗ್ಯವಾದ ನಾದವನ್ನು ಕೊಟ್ಟಿದ್ದಾನೆ. ಜ್ವಾಲೆಯ ದೂರಿನಿಂದ ಗಂಗೆಯು ಅರ್ಜುನನನ್ನು ಶಪಿಸುವಲ್ಲಿ ಭೀಷ್ಮವಧದ ಸಾಲವೇ ಮತ್ತೆ ತಲೆಯೆತ್ತುತ್ತದೆ. ತಂದೆಮಕ್ಕಳ ಈ ಯುದ್ಧದ ನಡುವೆ ಕುಶಲವರ ಕಥೆಯನ್ನು ಇಟ್ಟಿರುವುದರ ಔಚಿತ್ಯವೂ ಇದರಿಂದ ಸ್ಪಷ್ಟ.

ಆದರೂ ಒಂದು ಭೇದವನ್ನು ಮರೆಯಬಾರದು. ಲಕ್ಷ್ಮೀಶನಲ್ಲಿ ಸಂಜೀವಕಮಣಿಯೂ ಕೃಷ್ಣನ ಕೃಪೆಯೂ ಸತ್ತವರನ್ನು ಎಬ್ಬಿಸುತ್ತವೆ. ಸಾಲವು ದೇವರ ಲೆಕ್ಕಕ್ಕೆ ಜಮೆಯಾಗುತ್ತದೆ. ಭಕ್ತಿಕಾವ್ಯಕ್ಕೆ ಅದು ಯುಕ್ತ. ವ್ಯಾಸನಲ್ಲಿಯೂ ಮಣಿಯಿಂದ ಅರ್ಜುನನು ಏಳುತ್ತಾನೆ; ಆದರೆ ದುಶ್ಶಳೆಯ ಮಗನು ಏಳುವುದಿಲ್ಲ. ಅವಳ ತೋಳಿನ ಕೂಸಿಗೆ ಮನುಷ್ಯರೇ ಉತ್ತರ ಹೇಳಬೇಕು. ಈ ಕಠಿನವಾದ ಅಂಶವನ್ನು ಮತ್ತೆ ಕೈಗೆತ್ತಿಕೊಂಡುದು ಆಧುನಿಕಗದ್ಯ. ೧೯೭೯ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ‘ಪರ್ವ’ವು ಪವಾಡಗಳನ್ನು ಕಳೆದು, ಯುದ್ಧಾನಂತರದ ಸ್ತ್ರೀಯರ ಮತ್ತು ಸಂತತಿಯ ಪ್ರಶ್ನೆಯನ್ನು ಮುಂದಕ್ಕೆ ತಂದುದು ಈ ದೃಷ್ಟಿಯಿಂದ ಪರಂಪರೆಗೆ ಹೊರತಾದುದಲ್ಲ.

೯

ಮೇಲಿನ ಪರಿಶೀಲನೆಯಿಂದ ಫಲಿತವಾಗುವುದಿಷ್ಟು. ವ್ಯಾಸಭಾರತವು ಯುದ್ಧವನ್ನು ಗೆಲವು ಸೋಲುಗಳಿಂದ ಅಳೆಯದೆ, ಅದು ಮೊಮ್ಮಕ್ಕಳಿಗೆ ಇಳಿಸುವ ಋಣದಿಂದ ಅಳೆಯುತ್ತದೆ. ಆ ಋಣವನ್ನು ಕೊಲೆಯಿಂದ ತೀರಿಸಹೋದವರೆಲ್ಲರೂ ಹೊಸ ಸಾಲಗಾರರನ್ನು ಹುಟ್ಟಿಸಿದರು. ದ್ರೌಪದಿ, ದುಶ್ಶಳೆಯ ಎದುರಿನ ಅರ್ಜುನ, ಸರ್ಪಸತ್ರದ ಜನಮೇಜಯ, ಈ ಮೂವರು ಮಾತ್ರ ಬರಬೇಕಾದುದನ್ನು ಬಿಟ್ಟು ಸಾಲವನ್ನು ಮುಗಿಸಿದರು. ಮೂವರಲ್ಲಿ ಒಬ್ಬರಿಗೂ ಅದು ಸುಲಭವಾಗಿರಲಿಲ್ಲ, ಯಾರಿಗೂ ಪೂರ್ಣನ್ಯಾಯವೂ ದೊರೆಯಲಿಲ್ಲ.

ತರಗತಿಗಳಲ್ಲಿ ಭಾರತವನ್ನು ಗದಾಯುದ್ಧದವರೆಗೆ ಓದಿಸಿ, ಉಳಿದುದನ್ನು ಅನುಬಂಧವೆಂದು ಬಿಡುವ ಪದ್ಧತಿಯು ಈ ಕಾರಣದಿಂದ ಪುನರ್ವಿಚಾರಕ್ಕೆ ಅರ್ಹವಾಗಿದೆ. ಸೌಪ್ತಿಕ, ಆಶ್ವಮೇಧಿಕ, ಆಶ್ರಮವಾಸಿಕಪರ್ವಗಳ ಆಯ್ದ ಭಾಗಗಳನ್ನು ಆಸ್ತೀಕಪ್ರಕರಣದೊಡನೆ ಸೇರಿಸಿ, ಪಕ್ಕದಲ್ಲಿ ರನ್ನ ಲಕ್ಷ್ಮೀಶರನ್ನಿಟ್ಟು ಓದಿಸಿದರೆ, ವೀರರಸದ ಪಾಠವು ಪೂರ್ಣವಾಗುವುದರ ಜೊತೆಗೆ ಅದರ ಬೆಲೆಯೂ ವಿದ್ಯಾರ್ಥಿಗಳಿಗೆ ತಿಳಿಯುವುದು. ತೊಡೆ ಮುರಿದಲ್ಲಿ ಪುಸ್ತಕವನ್ನು ಮುಚ್ಚಿದವನಿಗೆ ಯಾರು ಗೆದ್ದರೆಂಬುದು ತಿಳಿಯುತ್ತದೆ. ಯಾರು ತೆತ್ತರೆಂಬುದು ತಿಳಿಯಬೇಕಾದರೆ ಉಳಿದ ಒಂಬತ್ತು ಪರ್ವಗಳನ್ನು ಓದಲೇಬೇಕು.